ಎರಡು ಖಂಡಗಳ ನಡುವೆ ನನ್ನ ಬಾಯಿ

ಚಿಂತೆ ಮಾಡುವುದಕ್ಕೆ ಕಾರಣ ಬೇಕು ಎಂದುಕೊಂಡವರು ಇನ್ನೂ ಚಿಂತೆಯ ಬಾಲವಾಡಿಯಲ್ಲಿದ್ದಾರೆ. ನನ್ನಂಥ ಪಳಗಿದವರಿಗೆ ಚಿಂತೆ ಮೊದಲು ಬಂದು ಕಟ್ಟೆಯ ಮೇಲೆ ಕೂತಿರುತ್ತದೆ, ಕಾರಣ ಆಮೇಲಿನ ಬಸ್ಸಿಗೆ ಬರುತ್ತದೆ. ಬೈಲಹೊಂಗಲದಲ್ಲಿ ಬೆಳಗಾವಿ ಬಸ್ಸು ಹತ್ತಿದೆನೆಂದರೆ ಟಿಕೆಟ್ಟನ್ನು ಕಿಸೆಯಲ್ಲಿಟ್ಟರೆ ಕಳೆದೀತು, ಕೈಯಲ್ಲಿ ಹಿಡಿದರೆ ಬೆವರಿಗೆ ಅಕ್ಷರ ಅಳಿಸೀತು ಎಂದು ಸಂಪಗಾಂವ ದಾಟುವವರೆಗೆ ಅದನ್ನು ಅತ್ತಿಂದಿತ್ತ ದಾಟಿಸುತ್ತಲೇ ಇರುತ್ತೇನೆ. ಇಳಿಯುವ ಹೊತ್ತಿಗೆ ಅದು ನಿಜವಾಗಿಯೂ ಕಳೆದಿರುತ್ತದೆ. ಆಗ ಮನಸ್ಸಿಗೆ ಎಂಥದೋ ಸಮಾಧಾನ.

ಇಂಥವನಿಗೆ ಆಫ್ರಿಕಾ ಗಂಟು ಬಿದ್ದದ್ದು ನಮ್ಮ ಪ್ರಿನ್ಸಿಪಾಲರಿಂದ. ನಾನು ಬೈಲಹೊಂಗಲದ ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಒಂದು ದಿನ ಪ್ರಿನ್ಸಿಪಾಲರು ಕರೆದು, “ಸರ, ಮೌಲ್ಯಮಾಪನದ ಕಮಿಟಿ ಬರೂದೈತಿ. ನಮ್ಮಲ್ಲೂ ಒಂದಾರ ಅಂತರರಾಷ್ಟ್ರೀಯ ಅನ್ನೂದು ಇರಬೇಕಲ್ರಿ. ನೀವು ಹೆಂಗೂ ಖಾಲಿ ಅದೀರಿ” ಅಂದರು. ನಾನು ಖಾಲಿ ಇದ್ದೇನೆ ಎಂಬುದು ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವರು ಮೊಬೈಲಿನಲ್ಲಿ ಬಂದಿದ್ದ ಒಂದು ಆನ್‌ಲೈನ್ ವಿಚಾರಸಂಕಿರಣದ ಕೊಂಡಿಯನ್ನು ನನಗೆ ದಾಟಿಸಿ ಚಹಾ ತರಿಸಿಯೂ ಆಗಿತ್ತು. ಚಹಾ ಕುಡಿದ ಮೇಲೆ ಒಲ್ಲೆ ಅನ್ನುವುದು ನಮ್ಮ ಕಡೆ ಪದ್ಧತಿಯಲ್ಲ.

ಆ ಸಂಕಿರಣ ಆಫ್ರಿಕಾ ಅಧ್ಯಯನದ್ದು. ಬಹುಶಿಸ್ತೀಯ ಎಂದು ಹೆಸರು. ಹಾಗೆಂದರೆ ಮಣ್ಣಿನವರು, ಬೀಜದವರು, ಭಾಷೆಯವರು, ಇತಿಹಾಸದವರು ಒಂದೇ ಪರದೆಯ ಚೌಕಗಳಲ್ಲಿ ಕೂತು ಒಬ್ಬರ ಮಾತು ಒಬ್ಬರಿಗೆ ತಿಳಿಯದಂತೆ ಮಾತಾಡುವುದು ಎಂದು ನಾನು ಅರ್ಥ ಮಾಡಿಕೊಂಡೆ. ಜೋಳ ಮತ್ತು ಗುರೆಳ್ಳು, ಅಂದರೆ ಹುಚ್ಚೆಳ್ಳು, ಆಫ್ರಿಕಾದಿಂದ ಹೊರಟು ನಮ್ಮ ದಖ್ಖನಿಗೆ ಹೇಗೆ ಬಂದವು ಎಂಬುದು ಅವರ ಶೋಧ. ನಾನು ನಡುವೆ ಬಾಯಿ ಹಾಕಿ, ನಮ್ಮ ಮನೆಯಲ್ಲಿ ಇವತ್ತು ಮುಂಜಾನೆ ಎರಡನ್ನೂ ತಿಂದೇ ಬಂದಿದ್ದೇನೆ ಅಂದೆ. ಇಡೀ ಸಭೆಯಲ್ಲಿ ಎಲ್ಲರಿಗೂ ಅರ್ಥವಾದ ಮಾತು ಅದೊಂದೇ ಇರಬೇಕು. ವಾರದೊಳಗೆ ನಾನು ಅವರ ಸಂಶೋಧನಾ ಯೋಜನೆಯ ಸದಸ್ಯನಾಗಿದ್ದೆ, ನಮ್ಮ ಕಾಲೇಜು ಅದರ ಒಂದು ಕೇಂದ್ರವಾಗಿತ್ತು. ಮನೆಯಲ್ಲಿ ಸುದ್ದಿ ಹೇಳಿದರೆ ಅವ್ವ ಒಲೆಯ ಮುಂದಿನಿಂದ ಏಳಲೇ ಇಲ್ಲ. “ಜ್ವಾಳ ಆಫ್ರಿಕಾದಿಂದ ಬಂತಂತ? ಯಾರೋ ತಮ್ಮಾ ನಿನಗ ಹೇಳಿದವ್ರು? ನಿಮ್ಮಪ್ಪ ನೇಸರಗಿ ಸಂತಿಯಿಂದ ಬೀಜಾ ತರತಿದ್ದ, ನಾ ಕಣ್ಣಾರೆ ನೋಡೇನಿ” ಅಂದಳು. ಇತಿಹಾಸದಲ್ಲಿ ಕಣ್ಣಾರೆ ಕಂಡ ಸಾಕ್ಷಿಗೆ ಎದುರು ಹೇಳುವುದು ಕಷ್ಟ.

ಆದರೆ ನಾನು ಮಾತ್ರ ಒಳಗೊಳಗೇ ಹಿಗ್ಗಿದ್ದೆ. ಈವರೆಗೆ ನನ್ನ ಹೆಸರು ಅಚ್ಚಾದದ್ದೆಲ್ಲ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ, ಅದೂ ಎರಡು ಸಲ ‘ಕ್ರೀಡಾ ವಿಭಾಗ’ ಎಂಬ ತಲೆಬರಹದ ಕೆಳಗೆ. ಈಗ ಈ ಯೋಜನೆಯಿಂದ ಜರ್ಮನಿಯಲ್ಲಿ ಅಚ್ಚಾಗುವ ಪುಸ್ತಕದಲ್ಲಿ, ಗಟ್ಟಿ ರಟ್ಟಿನೊಳಗೆ, ಲೇಖಕರ ಸಾಲಿನಲ್ಲಿ ನನ್ನ ಹೆಸರು ಬರುವ ಕಾಲ ಬಂದಿತ್ತು. ಅಷ್ಟರಲ್ಲಿ ಯೋಜನೆಯ ಮುಖ್ಯಸ್ಥೆ, ಜರ್ಮನಿಯ ಡಾ. ಹೈಕೆ, ಒಂದು ಬಾಂಬು ಹಾಕಿದರು. ಭಾರತದಲ್ಲಿ ಎರಡು ಕೇಂದ್ರಗಳಿವೆ, ಒಂದನ್ನೇ ಉಳಿಸಿಕೊಳ್ಳುತ್ತೇವೆ. ಇನ್ನೊಂದು ಕೇಂದ್ರ ದೊಡ್ಡ ಶಹರದ್ದು, ಅಲ್ಲಿ ಲಿಫ್ಟು ಇದೆ. ಇಥಿಯೋಪಿಯಾದ ಪ್ರಾಧ್ಯಾಪಕಿ ಡಾ. ಅಲ್ಮಾಜ್ ಬಂದು ಎರಡನ್ನೂ ನೋಡುತ್ತಾರೆ. ಅವತ್ತೇ ಮಧ್ಯಾಹ್ನ ಅಲ್ಲಲ್ಲಿಯವರು ತಮ್ಮ ಪ್ರಬಂಧ ಮಂಡಿಸಬೇಕು, ಉಳಿದವರೆಲ್ಲ ಪರದೆಯಲ್ಲಿ ಕೇಳುತ್ತಾರೆ.

ನಾನು ಪ್ರಬಂಧದ ಚಿಂತೆ ಬಿಟ್ಟು ಊಟದ ಚಿಂತೆ ಹಿಡಿದೆ. ಅಂತರ್ಜಾಲದಲ್ಲಿ ನೋಡಿದರೆ ಇಥಿಯೋಪಿಯಾದವರು ಹಸಿಮಾಂಸಕ್ಕೆ ಬೆಣ್ಣೆ ಕಲಸಿ ತಿನ್ನುತ್ತಾರೆ ಎಂದಿತ್ತು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮೊಟ್ಟೆಯ ಚಿತ್ರವಿರುವ ಕ್ಯಾಲೆಂಡರನ್ನೂ ಅವ್ವ ತಿರುಗಿಸಿ ತೂಗುಹಾಕಿದ್ದಾಳೆ. ಬಂದವರು ಕೇಳಿಯೇಬಿಟ್ಟರೆ? ಹೆಂಡತಿ ಸುವರ್ಣಾ ಲಟ್ಟಣಿಗೆ ತೊಳೆಯುತ್ತ ಹೇಳಿದಳು, “ರೀ, ಅವ್ರು ಪ್ರೊಫೆಸರ್ ಅದಾರ, ಹುಲಿ ಅಲ್ಲ. ಹಾಕಿದ್ದು ತಿಂತಾರ. ನೀವು ಮೊದ್ಲು ಆ ಪ್ರಬಂಧ ಬರದು ಮುಗಸ್ರಿ.”

ಅಲ್ಮಾಜ್ ಬಂದದ್ದು ಬುಧವಾರ. ಎತ್ತರದ ಹೆಂಗಸು, ಬಿಳಿಯ ಅರಿವೆಗೆ ಬಣ್ಣದ ಅಂಚು, ನಮ್ಮ ಸುವರ್ಣಾಳ ಇಳಕಲ್ ಸೀರೆಯ ಪಕ್ಕ ನಿಂತರೆ ಇಬ್ಬರೂ ಒಂದೇ ಮದುವೆಗೆ ಹೊರಟಂತೆ ಕಾಣುತ್ತಿದ್ದರು. ಕಾಲೇಜಿನಲ್ಲಿ ಶಾಲು, ಹಾರ, ಏಲಕ್ಕಿ ಮಾಲೆ ಎಲ್ಲ ಮುಗಿಸಿ ಪ್ರಿನ್ಸಿಪಾಲರ ಸಮೇತ ನಮ್ಮ ಮನೆಗೆ ಊಟಕ್ಕೆ ಬಂದೆವು. ಅವ್ವ ಬಿಸಿ ರೊಟ್ಟಿಯ ಮೇಲೆ ನಿಂಬೆಹಣ್ಣಿನಷ್ಟು ಬೆಣ್ಣೆ ಇಟ್ಟುಕೊಂಡು ಬಂದಳು. ಅಲ್ಮಾಜ್ ಕೈ ಅಡ್ಡ ಹಿಡಿದರು. ಇವತ್ತು ಬುಧವಾರ, ನಮಗೆ ಉಪವಾಸ. ಮಾಂಸವಿಲ್ಲ, ಹಾಲು ಮೊಸರು ಬೆಣ್ಣೆ ತುಪ್ಪ ಯಾವುದೂ ಇಲ್ಲ ಅಂದರು. ನಾನು ಕನ್ನಡಕ್ಕೆ ತಂದೆ. ಬೆಣ್ಣೆ ಒಲ್ಲೆ ಅಂದ ಅತಿಥಿ ನಮ್ಮ ಮನೆಯ ಹೊಸ್ತಿಲು ದಾಟಿದ್ದು ಇಲ್ಲ. ಕೇಂದ್ರ ಕೈತಪ್ಪಿತು ಅಂದುಕೊಂಡೆ. ಅವ್ವ ಬೆಣ್ಣೆಯ ಬಟ್ಟಲನ್ನೂ ಅಲ್ಮಾಜರ ಮುಖವನ್ನೂ ನೋಡಿದಳು. ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ, “ನೋಡ್ರಿ, ಹೆಣಮಗಳು ಅಷ್ಟ ದೂರದಿಂದ ಬಂದ್ರೂ ವಾರದ ಉಪಾಸಾ ಬಿಟ್ಟಿಲ್ಲ. ನಮ್ಮವ್ರು ಸೋಮವಾರ ಬಸ್‌ಸ್ಟ್ಯಾಂಡಿನ್ಯಾಗ ಮಿರ್ಚಿ ತಿಂತಾರ” ಅಂದಳು. ಕೊನೆಯ ಮಾತು ಯಾರಿಗೆ ತಾಗಬೇಕಿತ್ತೋ ಅವರಿಗೆ ತಾಗಿತು. ನಾನು ಅದನ್ನು ಭಾಷಾಂತರ ಮಾಡಲಿಲ್ಲ.

ಬೆಣ್ಣೆ ಒಳಗೆ ಹೋಯಿತು, ಕುಸುಬಿ ಎಣ್ಣೆ ಹೊರಗೆ ಬಂತು. ಎಣ್ಣೆಗಾಯಿ, ಮಡಿಕೆಕಾಳು, ಗುರೆಳ್ಳು ಹಿಂಡಿ. ಆ ಕರಿಯ ಚಟ್ನಿಪುಡಿಯನ್ನು ನಾಲಿಗೆಗಿಟ್ಟ ಅಲ್ಮಾಜ್ ಕಣ್ಣು ಮುಚ್ಚಿದರು. ತಮ್ಮ ಅಜ್ಜಿಯ ಮನೆಯಲ್ಲೂ ಇದನ್ನು ಹುರಿದಾಗ ಇದೇ ವಾಸನೆ ಬರುತ್ತಿತ್ತು ಅಂದರು. ಅವ್ವನಿಗೆ ಹೇಳಿದೆ. “ಅವ್ರಲ್ಲೂ ಗುರೆಳ್ಳು ಐತೇನು? ಹಂಗಾರ ನಮ್ಮ ಪೈಕಿನ ಆದ್ಲು” ಎಂದು ಅವ್ವ ಇನ್ನೊಂದು ರೊಟ್ಟಿ ಎಸೆದಳು. ನಮ್ಮಲ್ಲಿ ಸಾಕು ಅಂದರೆ ಒಂದು ಅಂತಲೂ, ಖರೇನ ಸಾಕು ಅಂದರೆ ಅರ್ಧ ಅಂತಲೂ ಲೆಕ್ಕ. ಅಲ್ಮಾಜ್ ಸಾಕು ಅಂದರು, ಒಂದು ಬಿತ್ತು. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು, ಬೆರಳ ಸಂದಿಯಿಂದ ಅರ್ಧ ಇಳಿಯಿತು.

ಆಗ ಅಲ್ಮಾಜ್ ತಿರುಗಿಬಿದ್ದರು. ರೊಟ್ಟಿಯ ಒಂದು ಚೂರಿನಲ್ಲಿ ಎಣ್ಣೆಗಾಯಿ ಸುತ್ತಿ, ಎದ್ದು ನಿಂತು, ಸೀದಾ ಅವ್ವನ ಬಾಯಿಗೆ ಹಿಡಿದರು. ಪ್ರೀತಿಯವರಿಗೆ ಕೈಯಾರೆ ತುತ್ತಿಡುವುದು ಅವರ ದೇಶದ ಮರ್ಯಾದೆಯಂತೆ. ಒಲ್ಲೆ ಅನ್ನುವ ಹಾಗಿಲ್ಲ, ಒಂದಕ್ಕೆ ನಿಲ್ಲಿಸುವ ಹಾಗೂ ಇಲ್ಲ. ಅತಿಥಿ ಉಣ್ಣುವವರೆಗೆ ನೀರನ್ನೂ ಮುಟ್ಟದ ಅವ್ವ ಕಕ್ಕಾಬಿಕ್ಕಿಯಾಗಿ ಬಾಯಿ ತೆರೆದಳು. ನುಂಗಿದವಳೇ ಬೇರೆ ತುತ್ತು ಕಟ್ಟಿ ಅಲ್ಮಾಜರ ಬಾಯಿಗಿಟ್ಟಳು. “ನಾವೇನ ಕಡಿಮಿ ಇದೀವೇನ ತಂಗಿ? ತಗೋ.” ಅಲ್ಮಾಜ್ ಮುಂದಿನದನ್ನು ಪ್ರಿನ್ಸಿಪಾಲರಿಗೆ ಇಟ್ಟರು. ವಿಶ್ವವಿದ್ಯಾಲಯದ ಸಿಂಡಿಕೇಟಿನ ಮುಂದೆಯೂ ಬಾಯಿ ಬಿಡದ ಮನುಷ್ಯ, ಹಕ್ಕಿಮರಿಯ ಹಾಗೆ ಬಿಟ್ಟರು. “ಅಯ್ಯ ಮೇಡಂ, ನನಗ ಶುಗರ್ ಐತ್ರಿ” ಎಂಬ ಮಾತಿನ ಉತ್ತರಾರ್ಧ ಬದನೆಕಾಯಿಯ ಹಿಂದೆ ಉಳಿಯಿತು. ಸುವರ್ಣಾ ನಗು ತಡೆಯಲಾರದೆ ಅಡಿಗೆಮನೆಗೆ ಓಡಿದಳು, ಅಲ್ಲಿಗೂ ಒಂದು ತುತ್ತು ಹೋಯಿತು. ಕೊನೆಗೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ಸೋಲಿಸಲಾಗದೆ, ನಡುವೆ ಸುಮ್ಮನೆ ಕೂತಿದ್ದ ನನ್ನನ್ನು ನೋಡಿದರು. ಬಲಗಡೆಯಿಂದ ಅವ್ವ, ಎಡಗಡೆಯಿಂದ ಆಫ್ರಿಕಾ. ಶೇಂಗಾ ಹೋಳಿಗೆಯ ಹೊತ್ತಿಗೆ ನಾನು ಉಸಿರಾಡುವುದಕ್ಕೂ ಸರದಿ ಕಾಯುತ್ತಿದ್ದೆ.

ಮುಂದಿನದು ನಾನು ಕಂಡದ್ದಲ್ಲ, ಸುದ್ದಿಮೂಲಗಳಿಂದ ಕೇಳಿದ್ದು. ಕಾಲೇಜಿನಲ್ಲಿ ಮಧ್ಯಾಹ್ನದ ಸಭೆ ಶುರುವಾಯಿತು. ಪರದೆಯಲ್ಲಿ ಜರ್ಮನಿ, ಅಡಿಸ್ ಅಬಾಬಾ, ಲಿಫ್ಟಿದ್ದ ಶಹರ. ಡಾ. ಹೈಕೆಯವರ ಪ್ರಾಸ್ತಾವಿಕ ಸ್ವಲ್ಪ ಉದ್ದವಾಯಿತು, ಫ್ಯಾನು ಹದವಾಗಿತ್ತು, ಎರಡು ಖಂಡಗಳ ತುತ್ತುಗಳು ಒಳಗೆ ಕೂತು ಮಾತುಕತೆ ನಡೆಸಿದ್ದವು. ನನ್ನ ಹೆಸರು ಕರೆದರು. ಮೈಕು ಚಾಲೂ ಇತ್ತು, ಗೊರಕೆ ಮಾತ್ರ ಕೇಳಿತು. ಪ್ರಿನ್ಸಿಪಾಲರು ಭುಜ ಮುಟ್ಟಿದರಂತೆ. ನಾನು ಕಣ್ಣು ತೆರೆಯದೆಯೇ ಲ್ಯಾಪ್‌ಟಾಪಿನ ಮೇಲೆ ಎರಡೂ ಕೈ ಅಡ್ಡ ಹಿಡಿದು, “ಸಾಕ್ರಿ, ಖರೇನ ಸಾಕ್ರಿ” ಅಂದೆನಂತೆ. ಅದರೊಂದಿಗೆ ನನ್ನ ಅಂತರರಾಷ್ಟ್ರೀಯ ಉಪನ್ಯಾಸ ಮುಕ್ತಾಯವಾಯಿತು. ಎಚ್ಚರವಾದಾಗ ಅಲ್ಮಾಜ್ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ಪರದೆಗೆ ಏನೋ ವಿವರಿಸುತ್ತಿದ್ದರು, ಡಾ. ಹೈಕೆ ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು. ಪ್ರಿನ್ಸಿಪಾಲರು ನನ್ನ ಕಡೆ ನೋಡಲಿಲ್ಲ. ನನಗಾದರೋ, ಜೀವಮಾನದಲ್ಲಿ ಮೊದಲ ಬಾರಿಗೆ ಚಿಂತೆ ಮಾಡಲು ಸರಿಯಾದ ಕಾರಣ ಸಿಕ್ಕಿತ್ತು. ಆದರೆ ಅದಕ್ಕೆ ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಕೆಲವು ದಿನಗಳ ಮೇಲೆ ಫಲಿತಾಂಶ ಬಂತು. ಬೈಲಹೊಂಗಲ ಉಳಿಯಿತು, ಲಿಫ್ಟು ಹೋಯಿತು. ಪ್ರಿನ್ಸಿಪಾಲರು ಪೇಢೆ ಹಂಚಿದರು. ಬೀಜದ ದಾರಿಯ ಜೊತೆಗೆ ಒತ್ತಾಯದ ದಾರಿಯನ್ನೂ ಹುಡುಕಬೇಕು, ಉಣ್ಣಿಸುವವರ ಹಠ ಎರಡು ದೇಶಗಳಲ್ಲಿ ಹೇಗೆ ಬೆಳೆಯಿತು ಎಂಬುದಕ್ಕೇ ಪುಸ್ತಕದಲ್ಲಿ ಒಂದು ಅಧ್ಯಾಯ ಎಂದು ತೀರ್ಮಾನವಾಗಿತ್ತು. ನಾನು ನನ್ನ ಹೆಸರಿಗಾಗಿ ಲೇಖಕರ ಸಾಲನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ಇರಲಿಲ್ಲ. ಡಾ. ಹೈಕೆ ಬಹಳ ವಿನಯದಿಂದ ಬರೆದಿದ್ದರು: ಸಂಶೋಧನೆಯ ನೀತಿಯ ಪ್ರಕಾರ, ಅಧ್ಯಯನಕ್ಕೆ ಒಳಪಟ್ಟವರು ಅದೇ ಅಧ್ಯಾಯದ ಲೇಖಕರಾಗುವಂತಿಲ್ಲ, ನಿಮ್ಮ ಗುರುತು ಗೋಪ್ಯವಾಗಿಡುತ್ತೇವೆ, ಒಪ್ಪಿಗೆ ತಿಳಿಸಿ. ಅಂದರೆ ಸಂಶೋಧಕನಾಗಿ ಹೊರಟ ನಾನು ದಾರಿಯಲ್ಲೆಲ್ಲೋ ಜೋಳದ ಸಾಲಿಗೆ ಸೇರಿಬಿಟ್ಟಿದ್ದೆ.

“ಹೆಸರ ಹಾಕಿಲ್ಲಲ್ಲ, ಚಲೋ ಆತು ಬಿಡ್ರಿ” ಅಂದಳು ಸುವರ್ಣಾ. “ನಮ್ಮ ತವರಮನ್ಯಾಗ ಯಾರಿಗೂ ಗೊತ್ತಾಗೂದಿಲ್ಲ.”

ಅಧ್ಯಾಯದ ಕರಡನ್ನೂ ಜೊತೆಗೆ ಕಳಿಸಿದ್ದರು. ಅದರಲ್ಲಿ ನಾನಿದ್ದೆ: ‘ಮಧ್ಯವಯಸ್ಸಿನ ಗಂಡು, ಸ್ಥೂಲದ ಕಡೆಗೆ. ಎರಡೂ ಪಕ್ಷದವರು ಏಕಕಾಲಕ್ಕೆ ಒತ್ತಾಯಿಸಿದಾಗ ಮೂರು ಬಾರಿ ನಿರಾಕರಿಸಿದ, ಅನಂತರ ಬಾಯಿ ತೆರೆದ.’ ನಾನು ಎರಡು ದಿನ ಮುನಿಸಿಕೊಂಡೆ. ಮೂರನೆಯ ದಿನ, ಎಷ್ಟಾದರೂ ಇತಿಹಾಸದ ಮೇಷ್ಟ್ರು, ಸತ್ಯಕ್ಕೆ ಚ್ಯುತಿ ಬರಬಾರದು ಎಂದು ಒಪ್ಪಿಗೆಯ ಜೊತೆಗೆ ಒಂದೇ ಒಂದು ತಿದ್ದುಪಡಿ ಬರೆದು ಕಳಿಸಿದೆ. ನಿರಾಕರಿಸಿದ್ದು ಎರಡೇ ಬಾರಿ. ಮೂರನೆಯ ಸಲ ನಾನಾಗಿಯೇ ಬಾಯಿ ತೆರೆದು ಕಾಯುತ್ತಿದ್ದೆ.