ಇಪ್ಪತ್ತನಾಲ್ಕು ತಾಸಿನ ಪಿನ್ನು

ನಾನು ಗಣಿತದ ಮಾಸ್ತರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಓದುತ್ತ ಹೋದರೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ. ಬೆಳಗಾವಿಯ ಖಾಸಬಾಗದ ನಮ್ಮ ಓಣಿಯಲ್ಲಿ ಯಾರ ಮೊಬೈಲು ಮುನಿಸಿಕೊಂಡರೂ ಅದು ನನ್ನ ಹತ್ತಿರವೇ ಬರುತ್ತದೆ. ಗ್ಯಾಸ್ ಬುಕ್ ಮಾಡುವುದು, ಲೈಟ್ ಬಿಲ್ ಕಟ್ಟುವುದು, ಮೊಮ್ಮಗನ ಫೋಟೊ ದೊಡ್ಡದು ಮಾಡಿ ತೋರಿಸುವುದು, ಎಲ್ಲದಕ್ಕೂ ನಾನೇ. ಇಂಥವನ ಮನೆಯಲ್ಲಿ ಇದ್ದುಕೊಂಡು ನನ್ನ ಹೆಂಡತಿ ಸುವರ್ಣಾ ಆ ರವಿವಾರ ಒಂದು ಅನಾಗರಿಕ ಮಾತು ಆಡಿದಳು.

"ನಾಳೆ ಬಸ್ಸಿಗೆ ಖಾನಾಪುರಕ್ಕ ಹೋಗಿ ನೀಲವ್ವನ ಕೈಯಾಗ ರೊಕ್ಕಾ ಕೊಟ್ಟ ಬರ್ತೇನ್ರಿ."

ನೀಲವ್ವ ಇವಳ ತಂಗಿ, ಖಾನಾಪುರದ ಆಚೆಗಿನ ಬೀಡಿ ಎಂಬ ಊರಿನಲ್ಲಿರುತ್ತಾಳೆ. ಖಾನಾಪುರದ ಪಾರ್ವತಿಬಾಯಿ ಎಂಬವರು ಮಗಳ ಊರಿಗೆ ಹೋಗುವವರಿದ್ದು, ತಮ್ಮ ಶಾವಿಗೆ ಮಷೀನು ಮಾರಲು ತೆಗೆದಿದ್ದರು. ಬೆಲೆ ಒಂಬತ್ತು ಸಾವಿರ. ಬೀಡಿಯಲ್ಲಿ ಶಾವಿಗೆ ಮಾಡಿಕೊಡುತ್ತಿದ್ದ ಒಬ್ಬಳೇ ಒಬ್ಬಳು ವಯಸ್ಸಾಯಿತೆಂದು ನಿಲ್ಲಿಸಿದ್ದಳು. ಬೇಸಿಗೆಯೊಳಗೆ ಮಷೀನು ಬಂದರೆ ಊರಿನ ಗಿರಾಕಿಯೆಲ್ಲ ನೀಲವ್ವನಿಗೆ, ಮಗಳ ಕಾಲೇಜಿನ ಚಿಂತೆ ದೂರ. ಆದರೆ ನಂದಗಡದವರೂ ಅದೇ ಮಷೀನಿನ ಮೇಲೆ ಕಣ್ಣಿಟ್ಟಿದ್ದರು. "ಶನಿವಾರದ ತನಕ ಹಾದಿ ನೋಡ್ತೇನಿ, ಆಮ್ಯಾಲ ಅವರಿಗೆ" ಎಂದು ಪಾರ್ವತಿಬಾಯಿ ಗಡುವು ಕೊಟ್ಟಿದ್ದರು. ಓಣಿಯ ಹೆಂಗಸರು ತಿಂಗಳು ತಿಂಗಳು ದುಡ್ಡು ಕೂಡಿಸಿ ಸರದಿಯಂತೆ ಎತ್ತುವ ಭಿಶಿಯಲ್ಲಿ ಈ ಸಲ ಸುವರ್ಣಾಳ ಪಾಳಿ ಬಂದಿತ್ತು. ಆ ಹಣ ತಂಗಿಗೆಂದು ಅಕ್ಕ ನಿರ್ಧರಿಸಿದ್ದಳು.

"ಒಂಬತ್ತ ಸಾವಿರ ಕಟಗೊಂಡ ಬಸ್ಸಿನ್ಯಾಗ ಹೋಗತಾಳಂತ!" ಎಂದು ನಾನು ನಕ್ಕೆ. "ಯಾವ ಕಾಲದಾಗ ಅದೀ? ನಾ ಕುಂತಲ್ಲಿಂದ ಕಳಸ್ತೇನಿ."

"ನೀಲವ್ವನ ಕಡೆ ಇರೂದ ಗುಂಡಿ ಒತ್ತೂ ಫೋನು. ಬ್ಯಾಂಕಿನ ಖಾತೆ ಬಂದ್ ಬಿದ್ದ ವರ್ಷ ಆತು."

"ಅದಕ್ಕ ವ್ಯವಸ್ಥಾ ಐತಿ. ನಾ ಮೊಬೈಲ್ ವಾಲೆಟ್‌ನಿಂದ ಕಳಸ್ತೇನಿ, ಆಕಿ ಫೋನಿಗೆ ಆರ ಅಂಕಿ ಪಿನ್ ಹೋಗತೈತಿ, ಖಾನಾಪುರದಾಗ ಏಜೆಂಟನ ಅಂಗಡಿಗೆ ತೋರಿಸಿದ್ರ ಕೈಯಾಗ ನಗದು. ಇದು ತಾಂತ್ರಿಕ ವಿಷಯ. ನೀ ನಡುವ ಬಾಯಿ ಹಾಕಬ್ಯಾಡ!"

ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿನಲ್ಲಿಡಿ. ಸುವರ್ಣಾ ಇಟ್ಟುಕೊಂಡಳು.

ಸೋಮವಾರ ಬೆಳಿಗ್ಗೆ ಶಾಲೆಗೆ ಅರ್ಧ ದಿನ ರಜೆ ಹಾಕಿ ರವಿವಾರ ಪೇಟೆ ಎಂಬ ಬಜಾರಿಗೆ ಹೋದೆ. ಅಲ್ಲಿಯ ಅಂಗಡಿಯೊಂದರಲ್ಲಿ ಗಟ್ಟಿ ನೋಟು ಎಣಿಸಿಕೊಟ್ಟು, ಅದನ್ನು ವಾಲೆಟ್‌ನೊಳಗಿನ ಅಂಕಿಯಾಗಿ ಪರಿವರ್ತಿಸಿ, ಸರಿಯಾಗಿ ಹನ್ನೊಂದು ಗಂಟೆಗೆ ಪಿನ್ ಸೃಷ್ಟಿಸಿದೆ. 'ಈ ಪಿನ್ ಇಪ್ಪತ್ತನಾಲ್ಕು ತಾಸು ಮಾನ್ಯ' ಎಂದು ಪರದೆ ಹೇಳಿತು. ಇಪ್ಪತ್ತನಾಲ್ಕು ತಾಸು! ಬೀಡಿಯಿಂದ ಖಾನಾಪುರಕ್ಕೆ ನಡೆದುಕೊಂಡು ಹೋದರೂ ಇನ್ನೊಂದು ನಿದ್ದೆಗೆ ಸಮಯ ಉಳಿಯುತ್ತದೆ. ನೀಲವ್ವನಿಗೆ ಫೋನು ಹಚ್ಚಿದೆ.

"ಬಂದೈತ್ರಿ ಮಾಮಾರ. ಇವತ್ತ ಸೋಮವಾರ, ಗುಡಿಗೆ ನೈವೇದ್ಯ ಐತಿ. ನಾಳೆ ಮುಂಜಾನೆ ಮೊದಲನೇ ಬಸ್ಸಿಗೇ ಹೋಗತೇನಿ."

ಮಾತು ತಪ್ಪುವ ಹೆಂಗಸಲ್ಲ ಅವಳು. ಮಂಗಳವಾರ ಹತ್ತು ಗಂಟೆಗೇ ಏಜೆಂಟನ ಅಂಗಡಿಯ ಮುಂದೆ ನಿಂತಿದ್ದಳು. ಹತ್ತೂವರೆಗೆ ಅವನೂ ಬಂದ. ಬಾಗಿಲು ತೆಗೆದ, ಕಸ ಹೊಡೆದ, ಊದಿನಕಡ್ಡಿ ಹಚ್ಚಿದ. ಎಲ್ಲ ಸರಿಯಾಗಿತ್ತು. ಆದರೆ ಬೋಣಿ ಆಗಿರಲಿಲ್ಲ!

"ಬೋಣಿ ಆಗಲಾರದ ಗಲ್ಲೇದಾಗಿಂದ ರೊಕ್ಕಾ ಹೊರಗ ಕೊಡೂದಿಲ್ಲ ಅಂತಾರ್ರಿ ಮಾಮಾರ" ಎಂದು ನೀಲವ್ವ ಅಲ್ಲಿಂದಲೇ ಫೋನು ಮಾಡಿದಳು. "ಮೊದಲ ಒಬ್ಬರ‍್ಯಾರರ ಏನರ ತಗೋಬೇಕಂತ."

"ನೀನ ಏನರ ತಗೋ! ಹತ್ತ ರೂಪಾಯಿ ರೀಚಾರ್ಜ್ ಮಾಡಸು!"

"ನನ್ನ ಕಡೆ ಹತ್ತ ರೂಪಾಯಿ ಎಲ್ಲೈತ್ರಿ? ಬಸ್ಸಿಗೆ ಪುಕ್ಕಟ, ಮತ್ತ ಬರೂಮುಂದ ರೊಕ್ಕಾ ಸಿಗತಾವಲಾ ಅಂತ ಬರೇ ಆಧಾರ್ ಕಾರ್ಡ್ ಹಿಡಕೊಂಡ ಬಂದೇನಿ."

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಯಾರೋ ಒಬ್ಬ ಪುಣ್ಯಾತ್ಮ ಬಂದು ಚಾರ್ಜರ್ ಕೊಂಡನಂತೆ. ಬೋಣಿ ಆಯಿತು. ನನ್ನ ಪಿನ್ನು ಐದು ನಿಮಿಷದ ಹಿಂದೆ ತೀರಿಕೊಂಡಿತ್ತು.

ನಾನು ಧೃತಿಗೆಡಲಿಲ್ಲ. ಪಿನ್ ಸತ್ತರೆ ಇನ್ನೊಂದು ಪಿನ್. ಸಂಜೆ ಮನೆಗೆ ಬಂದು ಕುರ್ಚಿಯ ಮೇಲೆ ಕುಳಿತು ಮೊಬೈಲು ತೆಗೆದರೆ ಸುವರ್ಣಾ ಅಡ್ಡ ಬಂದಳು.

"ಮಂಗಳವಾರ ಸಂಜೀಮುಂದ ಲಕ್ಷ್ಮೀನ ಮನೀ ಹೊರಗ ಹಾಕ್ತೀರೇನ್ರಿ?"

"ಲಕ್ಷ್ಮಿ ಮನ್ಯಾಗ ಎಲ್ಲಿ ಅದಾಳ? ವಾಲೆಟ್‌ನ್ಯಾಗ ಅದಾಳ."

"ವಾಲೆಟ್ ಎಲ್ಲೈತಿ?"

"ಮೊಬೈಲನ್ಯಾಗ."

"ಮೊಬೈಲ್ ಎಲ್ಲೈತಿ?"

"ನನ್ನ ಕೈಯಾಗ."

"ನೀವ ಎಲ್ಲಿ ಅದೀರಿ?"

ಇಂಥ ಪ್ರಮೇಯಕ್ಕೆ ಗಣಿತದಲ್ಲಿ ಉತ್ತರವಿಲ್ಲ. ಚಪ್ಪಲಿ ಮೆಟ್ಟಿ, ಹೊಸ್ತಿಲು ದಾಟಿ, ರಸ್ತೆಯ ಆಚೆಗಿನ ಲೈಟ್ ಕಂಬದ ಬುಡಕ್ಕೆ ಹೋಗಿ ನಿಂತು ಗುಂಡಿ ಒತ್ತಿದೆ. ಬಾಜೂ ಮನೆಯ ಬಸಪ್ಪನವರು ಕಟ್ಟೆಯ ಮೇಲಿಂದ, "ಯಾಕ್ರಿ ಮಾಸ್ತರ, ಮನ್ಯಾಗ ರೇಂಜ್ ಇಲ್ಲೇನು?" ಎಂದರು. "ಮನ್ಯಾಗ ಭಾಳ ಐತ್ರಿ, ಅದಕ್ಕ ಹೊರಗ ಬಂದೇನಿ" ಎಂದೆ.

ಪರದೆಯ ಮೇಲೆ ಒಂದು ಸಂದೇಶ ಬಂತು. ಅವಧಿ ಮೀರಿದ ಪಿನ್ನಿನ ಹಣ ಅವಧಿ ಮೀರಿ ಇಪ್ಪತ್ತನಾಲ್ಕು ತಾಸಿನ ನಂತರ ನಿಮ್ಮ ವಾಲೆಟ್‌ಗೆ ಮರಳುತ್ತದೆ. ಅಲ್ಲಿಯವರೆಗೆ ಹೊಸ ಪಿನ್ ಇಲ್ಲ. ಅಂದರೆ ಆ ಹೊತ್ತಿನಲ್ಲಿ ನಮ್ಮ ಲಕ್ಷ್ಮಿ ಮನೆಯಲ್ಲೂ ಇರಲಿಲ್ಲ, ವಾಲೆಟ್‌ನಲ್ಲೂ ಇರಲಿಲ್ಲ, ಖಾನಾಪುರದಲ್ಲೂ ಇರಲಿಲ್ಲ. ಎಲ್ಲಿದ್ದಳೋ ಆಕೆಗೇ ಗೊತ್ತು!

ಬುಧವಾರ ಶಾಲೆ ಬಿಟ್ಟು ಐದು ಗಂಟೆಗೆ ಮನೆ ಸೇರಿದೆ. ಸುವರ್ಣಾ ಬಾಗಿಲ ಹತ್ತಿರ ಕಾಲು ತೊಳೆಯುತ್ತಿದ್ದಳು. ಸೀರೆಯ ಅಂಚೆಲ್ಲ ಧೂಳು.

"ಎಲ್ಲಿ ಹೋಗಿದ್ದಿ?"

"ಅದನ್ನ ಹೇಳಬೇಕಂತನ ನಿಂತೇನ್ರಿ. ಇವತ್ತ ಮುಂಜಾನೆ ನಾ..."

"ಆಮ್ಯಾಲ ಹೇಳು! ರೊಕ್ಕಾ ವಾಪಸ್ ಬಂದೈತಿ, ಪಿನ್ ಮಾಡೂದೈತಿ. ಹೇಳೇನಿಲ್ಲೋ, ನಡುವ ಬಾಯಿ ಹಾಕಬ್ಯಾಡಂತ!"

ಅವಳು ಸೀರೆಯ ಧೂಳು ಕೊಡವುತ್ತ ಒಳಗೆ ಹೋದಳು. ನಾನು ಐದೂವರೆಗೆ ಎರಡನೆಯ ಪಿನ್ನಿಗೆ ಜನ್ಮ ಕೊಟ್ಟು ನೀಲವ್ವನಿಗೆ ಫೋನು ಮಾಡಿದೆ. ಆ ಕಡೆಯಿಂದ ಗರ್ರ್ ಎಂಬ ಸಪ್ಪಳ. ನೆಟ್‌ವರ್ಕಿನ ದೋಷ ಎಂದುಕೊಂಡು ನಾನೂ ದನಿ ಏರಿಸಿದೆ.

"ನಾಳೆ ಸಂಜೀ ಐದೂವರಿ ಒಳಗ ರೊಕ್ಕಾ ತಗೊಂಡಿರಬೇಕು! ತಿಳೀತಿಲ್ಲೋ?"

"ನಾಳೆ ಅಮಾಸೀರಿ ಮಾಮಾರ, ಅಮಾಸಿ ದಿನ ರೊಕ್ಕಾ ತರೂದ..." ಗರ್ರ್! "ಅದೂ ಅಲ್ಲದ, ಅಕ್ಕ ನಿಮಗ ಹೇಳಿಲ್ಲೇನ್ರಿ?"

"ಅಕ್ಕ ಏನ ಹೇಳೂದು? ಕ್ಯಾಲೆಂಡರ್ ನಮ್ಮನ್ಯಾಗೂ ಐತಿ!" ಎಂದು ಫೋನು ಇಟ್ಟುಬಿಟ್ಟೆ.

ನನಗೆ ಮೈ ಉರಿಯಿತು. ಮಷೀನು ಬೇಕಾದದ್ದು ಅವಳಿಗೋ ನನಗೋ? ಗೋಡೆಯ ಮೇಲೆ ಶರಣರ ಫೋಟೊ ಹಾಕಿಕೊಂಡು, ಶುಭ-ಅಶುಭ ಸುಳ್ಳು ಎಂದು ಮಠದಲ್ಲಿ ತಲೆಯಾಡಿಸಿ ಬರುವ ನಮ್ಮ ಮಂದಿ, ಮನೆಗೆ ಬಂದೊಡನೆ ಪಂಚಾಂಗಕ್ಕೆ ಕೈ ಹಾಕುತ್ತಾರೆ. ವಾಲೆಟ್ ಮಾಡಿದವರಿಗೆ ಅಮಾವಾಸ್ಯೆ ಗೊತ್ತಿಲ್ಲ, ನಮ್ಮವರಿಗೆ ಐದೂವರೆ ಗೊತ್ತಿಲ್ಲ. ನಡುವೆ ಸಿಕ್ಕಿ ಸಾಯುವವನು ಮಾಸ್ತರ!

ಗುರುವಾರ ಐದೂವರೆಗೆ ಎರಡನೆಯ ಪಿನ್ನೂ ಸಕಾಲದಲ್ಲಿ ಸತ್ತಿತು. ಸಹಾಯವಾಣಿಗೆ ಫೋನು ಮಾಡಿದೆ. ಕನ್ನಡಕ್ಕೆ ಎರಡು ಒತ್ತಿ, ದೂರಿಗೆ ನಾಲ್ಕು ಒತ್ತಿ, ಅರ್ಧ ತಾಸು ಪೀಪಿ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗಿ ಬಂದಳು.

"ಚಿಂತಿಸಬೇಡಿ ಸರ್, ತಮ್ಮ ಹಣ ಸಂಪೂರ್ಣ ಸುರಕ್ಷಿತವಾಗಿದೆ."

"ಗೊತ್ತೈತಿ ತಂಗಿ. ನನ್ನಿಂದನೂ ಸುರಕ್ಷಿತ ಆಗೇತಿ, ಅದ ತ್ರಾಸು!"

"ಇಪ್ಪತ್ತನಾಲ್ಕು ತಾಸು ಕಾಯಿರಿ ಸರ್. ಮತ್ತೇನಾದರೂ ಸಹಾಯ ಬೇಕೇ?"

ಫೋನು ಇಟ್ಟುಬಿಟ್ಟೆ. ಶುಕ್ರವಾರ ಸಂಜೆ ಹಣ ವಾಲೆಟ್‌ಗೆ ಮರಳಿತು. ಆದರೆ ಶುಕ್ರವಾರ, ಅದೂ ದೀಪ ಹಚ್ಚುವ ಹೊತ್ತು. ಮತ್ತೆ ಲೈಟ್ ಕಂಬದ ಬುಡಕ್ಕೆ ಹೋಗಿ ಬಸಪ್ಪನವರಿಗೆ ಉತ್ತರ ಹೇಳುವ ಶಕ್ತಿ ನನಗಿರಲಿಲ್ಲ. ಊಟಕ್ಕೆ ಶಾವಿಗೆ ಪಾಯಸವಿತ್ತು. ಎಳೆ ಎಳೆಯಾಗಿ ಬಹಳ ಚೆನ್ನಾಗಿತ್ತು.

"ಹ್ವಾದ ವರ್ಷದ್ದೇನ? ಇನ್ನೂ ಹೊಸಾದರಂಗ ಅದಾವಲಾ!"

"ಹೇಳಲೇನ್ರಿ ಎಲ್ಲಿಂದ ಬಂದೂವಂತ?" ಎಂದಳು ಸುವರ್ಣಾ.

"ನಾಳೆ ಶನಿವಾರ, ಮಷೀನು ನಂದಗಡಕ್ಕ ಹೊಂಟೈತಿ. ನಿನಗ ಪಾಯಸದ ಪುರಾಣ! ಬಾಯಿ ಹಾಕಬ್ಯಾಡ ಅಂದಿದ್ದೆ."

ಖರೇ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಬೇಸಿಗೆಯೆಲ್ಲ ನೀಲವ್ವ ಖಾಲಿ ಕೈಯಿಂದ ಕೂರುತ್ತಾಳೆ, ಅಕ್ಕ-ತಂಗಿ ಇಬ್ಬರೂ ನನಗೆ ಒಂದು ಮಾತೂ ಅನ್ನುವುದಿಲ್ಲ, ಜೀವನಪೂರ್ತಿ ಹಾಗೇ ಅನ್ನದೆ ಇರುತ್ತಾರೆ. ಬೈದರೆ ಸಹಿಸಬಹುದು. ಇದನ್ನು ಸಹಿಸುವುದು ಹೇಗೆ? ಇನ್ನು ಯಾರನ್ನೂ ನಂಬುವುದಿಲ್ಲ, ನಾನೇ ಖಾನಾಪುರಕ್ಕೆ ಹೋಗುತ್ತೇನೆ ಎಂದು ತೀರ್ಮಾನಿಸಿದೆ.

ಶನಿವಾರ ಶಾಲೆಗೆ ಪೂರ್ತಿ ರಜೆ. ಬೆಳಿಗ್ಗೆ ಏಳಕ್ಕೆ ನನ್ನ ಮೊಬೈಲಿಗೇ ಮೂರನೆಯ ಪಿನ್ ಕಳಿಸಿಕೊಂಡೆ. ಚಪ್ಪಲಿ ಮೆಟ್ಟುತ್ತಿದ್ದಾಗ ಸುವರ್ಣಾ ಸೆರಗು ಕಟ್ಟಿ ಬಾಗಿಲಿಗೆ ಬಂದಳು.

"ರೀ, ನೀವ ಹೋಗೂದ ಬ್ಯಾಡ. ನನ್ನ ಒಂದ ಮಾತ ಕೇಳ್ರಿ, ಒಂದ..."

"ಬಸ್ ತಪ್ಪತೈತಿ!" ಎಂದು ಓಡಿದೆ.

ಖಾನಾಪುರಕ್ಕೆ ಇಳಿದವನೇ ಏಜೆಂಟನ ಅಂಗಡಿಗೆ ಹೋದೆ. ಆಗಷ್ಟೇ ಊದಿನಕಡ್ಡಿ ಹಚ್ಚುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ, "ಥಾಂಬಾ ಹೋ, ಬೋಣಿ ಆಗ್ಲಿ" ಎಂದು ಕೈ ಎತ್ತಿದ. ಈ ಸಲ ನಾನು ತಯಾರಾಗಿಯೇ ಹೋಗಿದ್ದೆ. ನೂರೈವತ್ತು ರೂಪಾಯಿ ಕೊಟ್ಟು ಒಂದು ಮೊಬೈಲ್ ಕವರ್ ಕೊಂಡು ನಾನೇ ಬೋಣಿ ಮಾಡಿದೆ. ಅದು ನನ್ನ ಮೊಬೈಲಿಗೆ ಕೂಡುವುದಿಲ್ಲವೆಂದು ಆಮೇಲೆ ತಿಳಿಯಿತು. ನಂತರ ಅವನು ಪಿನ್ ಒತ್ತಿದ. ಕಾದ. ಮತ್ತೆ ಒತ್ತಿದ. ಒಂದು ತಾಸು ಸರ್ವರ್ ಮಲಗಿತ್ತು. ನಾನು ಎದುರಿನ ಕಟ್ಟೆಯ ಮೇಲೆ ಕುಳಿತು, ಗುಡ್ಡದ ದೇವಿಗೆ ಹೊತ್ತುಕೊಂಡ ಹರಕೆಗಳನ್ನೆಲ್ಲ ಮತ್ತೊಮ್ಮೆ ಹೊತ್ತೆ. ಕೊನೆಗೂ ಯಂತ್ರ ಕುಂಯ್ ಎಂದಿತು. ಯಶಸ್ವಿ!

"ದೊಡ್ಡ ನೋಟ ಇಲ್ಲ ಮಾಸ್ತರ" ಎಂದು ಅವನು ಹತ್ತು ರೂಪಾಯಿಯ ಒಂಬತ್ತು ಕಟ್ಟುಗಳನ್ನು ಕ್ಯಾರಿಬ್ಯಾಗಿನಲ್ಲಿ ತುಂಬಿಕೊಟ್ಟ. ಇರಲಿ. ಆ ಚೀಲವನ್ನು ಎದೆಗೆ ಅವಚಿಕೊಂಡು, ಗೆದ್ದು ಬಂದ ಸರದಾರನ ಠೀವಿಯಲ್ಲಿ ಪಾರ್ವತಿಬಾಯಿಯ ಮನೆಗೆ ಹೋದೆ. ಆಕೆ ಅಂಗಳದಲ್ಲಿ ಪಾತ್ರೆಗಳನ್ನು ಗೋಣಿಚೀಲಕ್ಕೆ ಕಟ್ಟುತ್ತಿದ್ದರು.

"ಬಾಯೀರ, ನಾ ಬೆಳಗಾವಿ ಮಾಸ್ತರ, ಬೀಡಿ ನೀಲವ್ವನ ಮಾಮಾ. ತಗೋರಿ, ಮಷೀನಿನ ರೊಕ್ಕಾ. ನಂದಗಡದವರಿಗೆ ಇಲ್ಲ ಅಂತ ಹೇಳ್ರಿ!"

ಆಕೆ ಚೀಲವನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

"ಅಹೋ ಮಾಸ್ತರ, ಕಸಲೇ ಪೈಸೇ? ಎಂಥಾ ರೊಕ್ಕಾ? ಬುಧವಾರನ ರೊಕ್ಕಾ ಮುಟ್ಟೇತಲಾ! ನಿಮ್ಮ ಮನಿಯವರ ಬಂದ ಕೊಟ್ಟ ಹೋದ್ರು. ಅವತ್ತ ಮಧ್ಯಾಹ್ನ ಟೆಂಪೋದಾಗ ಮಷೀನು ಬೀಡಿಗೂ ಹೋತು. ನಿಮಗ ಸಾಂಗಲಂ ನಾಹೀ? ಹೇಳಿಲ್ಲೇನು?"

ಅಂಗಳದಲ್ಲಿದ್ದ ಒಂದು ತಲೆಕೆಳಗಾದ ಬಕೆಟ್ಟಿನ ಮೇಲೆ ನಾನು ಕುಳಿತೆ. ಧೂಳು ಹತ್ತಿದ ಸೀರೆಯ ಅಂಚು ನೆನಪಾಯಿತು. ಫೋನಿನ ಗರ್ರ್ ಎಂಬ ಸಪ್ಪಳ ನೆಟ್‌ವರ್ಕಿನದಾಗಿರಲಿಲ್ಲ. ಪಾಯಸದ ಶಾವಿಗೆಯೂ ಹೋದ ವರ್ಷದ್ದಾಗಿರಲಿಲ್ಲ, ನೀಲವ್ವ ಕಳಿಸಿದ್ದು. ಮೂರು ದಿನದಿಂದ ನನಗೆ ಗೊತ್ತಿಲ್ಲದ ಸುದ್ದಿ ಖಾನಾಪುರ ತಾಲೂಕಿಗೆಲ್ಲ ಗೊತ್ತಿತ್ತು! ಪಾರ್ವತಿಬಾಯಿ ಕನಿಕರದಿಂದ ಒಂದು ಕಪ್ ಚಹಾ ಕೊಟ್ಟರು.

ನೋಟಿನ ಚೀಲ ಎದೆಗೆ ಅವಚಿಕೊಂಡು, ಯಾವ ಬಸ್ಸಿನಲ್ಲಿ ಹಣ ಒಯ್ಯುವುದು ಅನಾಗರಿಕತೆ ಎಂದು ನಾನು ನಕ್ಕಿದ್ದೆನೋ ಅದೇ ಬಸ್ಸಿನಲ್ಲಿ ನಿಂತುಕೊಂಡು ಬೆಳಗಾವಿಗೆ ಬಂದೆ.

"ಯಾಕ ಹೇಳಲಿಲ್ಲ?" ಎಂದು ಬಾಗಿಲಲ್ಲೇ ಗುಡುಗಿದೆ.

"ನೀವ ಹೇಳಿದ್ರಲಾ, ನಡುವ ಬಾಯಿ ಹಾಕಬ್ಯಾಡ ಅಂತ" ಎಂದಳು ಸುವರ್ಣಾ ಶಾಂತವಾಗಿ. "ಹಾಕಲಿಲ್ಲ. ಮೂರ ಸಲ ಹಾಕಾಕ ನೋಡಿದೆ, ಮೂರೂ ಸಲ ಮುಚ್ಚಿಸಿದ್ರಿ."

"ಒಂಬತ್ತ ಸಾವಿರ ಎಲ್ಲಿಂದ ತಂದಿ?"

ಅವಳು ಒಳಗೆ ಹೋಗಿ ಜೋಳದ ಡಬ್ಬಿ ತಂದಳು. ನಾನು ತಂದ ಕಟ್ಟುಗಳನ್ನು ಒಂದೊಂದಾಗಿ ಜೋಳದೊಳಗೆ ಹುಗಿದಳು. ಇಪ್ಪತ್ತು ವರ್ಷದಿಂದ ಆ ಡಬ್ಬಿಯ ಜೋಳದ ರೊಟ್ಟಿ ತಿಂದಿದ್ದೇನೆ, ಅದರೊಳಗೊಂದು ಬ್ಯಾಂಕು ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಇದಕ್ಕ ಪಿನ್ ಇಲ್ಲೇನ?" ಎಂದೆ, ಸೋತ ದನಿಯಲ್ಲಿ.

"ಐತಿ. ನಿಮಗ ಹೇಳೂದಿಲ್ಲ."

ಆಮೇಲೆ ಡಬ್ಬಿಯ ಮುಚ್ಚಳದಲ್ಲಿ ಸಿಕ್ಕಿಸಿಟ್ಟಿದ್ದ ಎರಡು ಬಸ್ ಟಿಕೆಟ್ಟು ತೆಗೆದು ನನ್ನ ಮುಂದಿಟ್ಟಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಲ್ಲವೇ? ಹೋಗುವ ಟಿಕೆಟ್ಟಿನ ಮೇಲೆ ಸೊನ್ನೆ, ಬರುವ ಟಿಕೆಟ್ಟಿನ ಮೇಲೆ ಸೊನ್ನೆ.

"ಮಾಸ್ತರ ಅದೀರಲಾ, ಕೂಡಿಸಿ ಹೇಳ್ರಿ. ನನಗ ಎಷ್ಟ ಖರ್ಚ ಬಂತು?"

ನಾನು ಆ ಎರಡು ಸೊನ್ನೆಗಳನ್ನು ನೋಡಿದೆ. ಕೂಡಿಸಲು ಧೈರ್ಯವಾಗಲಿಲ್ಲ. ಕೂಡಿಸಿದ್ದರೆ ಉತ್ತರದ ಜಾಗದಲ್ಲಿ ನಾನೇ ಬರುತ್ತಿದ್ದೆ!