ಊರು ಹೇಳದ ವಿಳಾಸ

ಯಂತ್ರಗಳಿಗೆ ಕೈಮುಗಿಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಆಯುಧಪೂಜೆಯಂದು ನಮ್ಮ ದೊಡ್ಡಬಳ್ಳಾಪುರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕಂಪ್ಯೂಟರುಗಳಿಗೆ ಕುಂಕುಮ ಹಚ್ಚುವಾಗ, ಲ್ಯಾಬಿನ ಹೊಣೆ ಹೊತ್ತ ನಾನು ಬಾಗಿಲಲ್ಲಿ ನಿಂತು ಪುರಿ ತಿನ್ನುತ್ತಿರುತ್ತೇನೆ. ಆದರೆ ಮೂಲೆಯಲ್ಲಿರುವ ಪ್ರಾಕ್ಸಿ ಸರ್ವರಿನ ಮುಂದೆ ಈಗೀಗ ಚಪ್ಪಲಿ ಬಿಟ್ಟು ನಿಲ್ಲಬೇಕೆನಿಸುತ್ತದೆ. ಒಬ್ಬಳು ನೋಡಿದ ವೆಬ್ ಪುಟವನ್ನು ಅದು ಎತ್ತಿಟ್ಟುಕೊಂಡು, ಮುಂದಿನವಳು ಕೇಳಿದಾಗ ತನ್ನಲ್ಲಿಂದಲೇ ಬಡಿಸುತ್ತದೆ. ನಮ್ಮ ಸಣಕಲು ಇಂಟರ್ನೆಟ್ಟಿನಲ್ಲಿ ಇಡೀ ಲ್ಯಾಬ್ ನಡೆಯುವುದು ಅದರ ಪುಣ್ಯದಿಂದ.

ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ನಾನು ಬುದ್ಧಿವಂತಿಕೆ ತೋರಿಸಿದೆ. ಒಂದೊಂದು ಕಂಪ್ಯೂಟರಿಗೂ ಪ್ರಾಕ್ಸಿಯ ಪರಿಚಯ ಮಾಡಿಕೊಡುವುದು ಯಾರಿಗೆ ಬೇಕೆಂದು, ಪುಟ ಕೇಳುವ ಎಲ್ಲರ ಕೋರಿಕೆಯೂ ತಾನಾಗಿಯೇ ಅಲ್ಲಿಗೆ ಹೋಗುವಂತೆ ದಾರಿ ತಿರುಗಿಸಿಬಿಟ್ಟೆ. ಬೆಳಿಗ್ಗೆ ಬಂದು ನೋಡಿದರೆ ಎಲ್ಲ ಪರದೆಗಳ ಮೇಲೂ ಒಂದೇ ಮಾತು: ವಿಳಾಸ ಸರಿಯಿಲ್ಲ! ಪುಟ ತೆರೆಯದಿದ್ದರೆ ಪರೀಕ್ಷೆಯಿಲ್ಲ. ವರ್ಷವಿಡೀ ಓದಿದ ಹುಡುಗಿಯರು ಹೊರಗೆ ಕಾಯುತ್ತಿದ್ದರು.

ಪುಣ್ಯಕ್ಕೆ ಬೆಂಗಳೂರಿನ ಪರೀಕ್ಷಕರು ಇನ್ನೂ ಬಂದಿರಲಿಲ್ಲ. ಊರಿಗೆ ಬಂದವರನ್ನು ಬರೀ ಹೊಟ್ಟೆಯಲ್ಲಿ ಕೆಲಸಕ್ಕೆ ಕೂರಿಸುವುದುಂಟೇ? ಹತ್ತಿರದ ಹಳ್ಳಿ ದೊಡ್ಡಬೆಳವಂಗಲದಲ್ಲಿರುವ ನಮ್ಮ ಮನೆಗೇ ಅವರನ್ನು ತಿಂಡಿಗೆ ಕರೆದಿದ್ದೆ. "ಬಸ್ ಇಳ್ದು ಅರಳೀಕಟ್ಟೆ ದಾಟಿದ್ರೆ ಹಾಲಿನ ಡೈರಿ, ಎದುರಿಗೇ ನಮ್ಮನೆ. ಬಾಗ್ಲು ತೆಗ್ದೇ ಇರ್ತದೆ, ಸೀದಾ ಒಳಗ್ಬನ್ನಿ ಸಾರ್" ಎಂದು ಫೋನಿನಲ್ಲಿ ಹೇಳಿದ್ದೆ. ಮನೆಯಲ್ಲಿ ನನ್ನವಳು ಅಕ್ಕಿರೊಟ್ಟಿ ತಟ್ಟುತ್ತಿದ್ದಳು.

ಪ್ರಾಕ್ಸಿಗೆ ಬಂದ ಕೋರಿಕೆಗಳನ್ನು ಬಿಚ್ಚಿ ನೋಡಿದೆ. ಎಲ್ಲದರ ಮೊದಲ ಸಾಲಿನಲ್ಲೂ ಯಾವ ಪುಟ ಬೇಕೆಂದಿತ್ತು. ಯಾವ ಸೈಟಿನ ಪುಟ ಎಂದಿರಲಿಲ್ಲ. ನಡುವೆ ಪ್ರಾಕ್ಸಿ ಇರುವುದು ಕಂಪ್ಯೂಟರುಗಳಿಗೆ ಗೊತ್ತೇ ಇಲ್ಲ! ಸೈಟಿನ ಹೊಸ್ತಿಲಲ್ಲೇ ನಿಂತಿದ್ದೇವೆಂದು ಅವು ನಂಬಿವೆ. ಜಗತ್ತಿನ ಇಷ್ಟೊಂದು ಸೈಟುಗಳಲ್ಲಿ ಯಾವುದೆಂದು ಪಾಪ ಈ ಪ್ರಾಕ್ಸಿ ಊಹಿಸಬೇಕು? ತಪ್ಪು ಪುಟ ಕೊಟ್ಟು ಕೈತೊಳೆದುಕೊಳ್ಳದೆ, ತಿಳಿಯಲಿಲ್ಲವೆಂದು ಒಪ್ಪಿಕೊಂಡಿದೆ. ಇಷ್ಟು ಪ್ರಾಮಾಣಿಕತೆಯನ್ನು ನಮ್ಮ ಸ್ಟಾಫ್ ರೂಮಿನಲ್ಲೂ ನಾನು ಕಂಡಿಲ್ಲ. 'ಇವರು ಗೊತ್ತಿಲ್ಲದೆ ನಿನ್ನ ಬಳಿ ಬಂದವರು, ಸೈಟಿನ ಹೆಸರು ಕೆಳಗಿನ ಸಾಲಿನಲ್ಲಿದೆ, ನೋಡಿಕೊ' ಎನ್ನುವ ಒಂದೇ ಸೆಟ್ಟಿಂಗ್ ಸೇರಿಸಿದೆ. ಪುಟಗಳು ಪಟಪಟನೆ ತೆರೆದುಕೊಂಡವು. ನಿಜ ಹೇಳುತ್ತೇನೆ, ಮೈ ಜುಮ್ಮೆಂದಿತು. ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಕೈಮುಗಿದೆ.

ಅಷ್ಟರಲ್ಲಿ ನನ್ನವಳ ಫೋನು. "ನಿಮ್ಮ ಬೆಂಗ್ಳೂರು ಸಾರ್ ಇನ್ನೂ ಬಂದೇ ಇಲ್ಲ ಕಣ್ರೀ, ರೊಟ್ಟಿ ಆರೋಗ್ತಾ ಐತೆ." ಅದನ್ನಿಟ್ಟೊಡನೆ ಪರೀಕ್ಷಕರ ಫೋನು. "ತಿಂಡಿ ಆಯ್ತು ಸಾರ್, ಉಪ್ಪಿಟ್ಟು ತುಂಬಾ ಚೆನ್ನಾಗಿತ್ತು. ಆದ್ರೆ ನಿಮ್ಮನೇಲಿ ನೀವೇ ಯಾರಿಗೂ ಗೊತ್ತಿಲ್ವಲ್ಲಾ?"

"ಎಲ್ಲಿ ಇಳಿದ್ರಿ ಸಾರ್?"

"ದೊಡ್ಡಬಳ್ಳಾಪುರದಲ್ಲೇ. ಬೇರೆ ಊರು ಅಂತ ನೀವು ಹೇಳ್ಲೇ ಇಲ್ವಲ್ಲ."

ಅಲ್ಲೂ ಅರಳೀಕಟ್ಟೆ, ಅಲ್ಲೂ ಡೈರಿ, ಎದುರಿಗೆ ಬಾಗಿಲು ತೆರೆದ ಮನೆ. ಆ ಮನೆಯ ಯಜಮಾನರು ಫೋನ್ ಇಸಿದುಕೊಂಡರು. ನಾನು ಕ್ಷಮೆ ಕೇಳಿ, "ಯಾರು ಅಂತ ಗೊತ್ತಿಲ್ದೆ ಹೆಂಗೆ ತಿಂಡಿ ಕೊಟ್ರಿ?" ಎಂದೆ.

"ವಿಳಾಸ ಆಮೇಲೆ ವಿಚಾರಿಸ್ಬೋದು ಅಂತ ಬಿಟ್ವಿ. ಹಸ್ಕೊಂಡು ಬಂದಿದ್ರಲ್ಲಪ್ಪಾ" ಎಂದರು.

ನಾನು ಫೋನಿಗೇ ಮತ್ತೊಮ್ಮೆ ಕೈಮುಗಿದೆ. ಈ ಸಲ ಹುಡುಗಿಯರೆಲ್ಲ ಒಳಗೆ ಬಂದು ನೋಡುತ್ತ ನಿಂತಿದ್ದರು.