ಭಜನೆ ಮೇಳದ ಇಂಗ್ಲಿಷ್ ಪಾಠ

ಮಾನ್ವಿಯ ಬಸವಲಿಂಗ ಮಾಸ್ತರರಿಗೆ ಹದಿನೈದು ದಿನಗಳಿಂದ ಊಟ ಸೇರುತ್ತಿರಲಿಲ್ಲ. (ಊಟ ಸೇರುತ್ತಿರಲಿಲ್ಲ ಎಂದರೆ, ನಾಲ್ಕು ರೊಟ್ಟಿ ತಿನ್ನುವವರು ಮೂರೂವರೆಗೇ ಕೈ ತೊಳೆಯುತ್ತಿದ್ದರು. ಆ ಅರ್ಧ ರೊಟ್ಟಿಯ ಸಂಕಟ ಅವರಿಗೇ ಗೊತ್ತು.) ಕುರ್ಡಿಯ ಶಾಲೆಯಲ್ಲಿ ಹದಿನೆಂಟು ವರ್ಷ ಗಣಿತ ಹೇಳಿಕೊಂಡು ಹಾಯಾಗಿದ್ದ ಮನುಷ್ಯ. ಇಂಗ್ಲಿಷ್ ಮೇಡಂ ರಾಯಚೂರಿಗೆ ವರ್ಗವಾಗಿ ಹೋದದ್ದೇ ತಡ, ಆ ವಿಷಯ ಇವರ ಕೊರಳಿಗೆ ಬಿತ್ತು. ಬಿದ್ದ ತಿಂಗಳಿಗೇ ಮೇಲಿನಿಂದ ಆದೇಶವೂ ಬಂತು. ಇಂಗ್ಲಿಷ್ ಕಲಿಸುವವರೆಲ್ಲ ಮೊಬೈಲಿನಲ್ಲೇ ಒಂದೊಂದು ಮಾದರಿ ಪಾಠ ಮಾಡಿ ತೋರಿಸಬೇಕು. ಸಾಹೇಬರು ರಾಯಚೂರಿನಲ್ಲಿ ಕೂತು ನೋಡುತ್ತಾರೆ. ಪಾಠ ಮೆಚ್ಚುಗೆಯಾಗದಿದ್ದರೆ ದೇವದುರ್ಗದಲ್ಲಿ ಹತ್ತು ದಿನ ವಸತಿ ತರಬೇತಿ.

ದೇವದುರ್ಗದ ಬಗ್ಗೆ ಮಾಸ್ತರರದು ಏನೂ ತಕರಾರಿರಲಿಲ್ಲ. ಅವರು ನಡುಗುತ್ತಿದ್ದದ್ದು ಆ ತರಬೇತಿಯ ನಿಯಮಕ್ಕೆ. ಹತ್ತು ದಿನ, ಕಣ್ಣು ಬಿಟ್ಟಾಗಿನಿಂದ ಮುಚ್ಚುವ ತನಕ, ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿಲ್ಲ. ಹಿಂದಿನ ಸಲ ಹೋಗಿದ್ದ ವೆಂಕಣ್ಣ ಮಾಸ್ತರರು, ಬದನೆಕಾಯಿ ಪಲ್ಯ ಇನ್ನೊಂದಿಷ್ಟು ಹಾಕು ಎನ್ನುವುದಕ್ಕೆ ಇಂಗ್ಲಿಷ್ ಹೊಳೆಯದೆ ಹತ್ತು ದಿನವೂ ಬರೀ ಅನ್ನ ಸಾರು ಉಂಡು ಸೊರಗಿ ಬಂದಿದ್ದರು.

ಇವರ ಪಾಲಿಗೆ ಬಂದ ಪಾಠವಾದರೂ ಎಂಥದ್ದು! ಎಲ್ಲಿ, ಯಾವಾಗ ಎನ್ನುವುದನ್ನು ಮೊದಲು ಹೇಳಬೇಕು. ಆಮೇಲೆ ಅಲ್ಲಿ ಏನು ಮಾಡಬಹುದು, ಏನು ಮಾಡಲೇಬೇಕು, ಏನು ಮಾಡಬಾರದು ಎಂದು ಮಸ್ಟ್, ಮೇ, ಕ್ಯಾನ್ ಹಚ್ಚಿ ಮುಗಿಸಬೇಕು. “ಇನ್ ದ ಲೈಬ್ರರಿ, ಯು ಮಸ್ಟ್ ಬಿ ಸೈಲೆಂಟ್.” ಮಾಸ್ತರರು ಇದನ್ನು ಬಚ್ಚಲಲ್ಲಿ ಹೇಳಿದರು, ಹಿತ್ತಲಲ್ಲಿ ಹೇಳಿದರು, ಬಸ್ಸಿನಲ್ಲಿ ಪಕ್ಕದವನು ಎದ್ದು ಬೇರೆ ಸೀಟಿಗೆ ಹೋಗುವ ಹಾಗೆ ಹೇಳಿದರು. ಹೆಂಡತಿ ಶೈಲಜಾ ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು:

“ರೀ, ಸೈಲೆಂಟ್ ಅಂದ್ರ ಸುಮ್ನಿರೂದಲ್ಲೇನು?”

“ಹೌದು.”

“ಮತ್ತ ಹದಿನೈದು ದಿನದಿಂದ ಅದನ್ನ ಒದರಾಕತ್ತೀರಲ್ಲ, ಸುಮ್ನಿರೂದು ಯಾವಾಗ?”

ಅವ್ವ ಮಹಾಂತಮ್ಮ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೇಳಿಸಿಕೊಳ್ಳುತ್ತಿದ್ದಳು.

ಪಾಠದ ಸರದಿ ಬಂದದ್ದು ಸೋಮವಾರ ಸಂಜೆ ಐದೂವರೆಗೆ. ಅಷ್ಟು ಹೊತ್ತಿಗೆ ಶಾಲೆ ಬಿಟ್ಟಿರುತ್ತದೆ, ಆದರೂ ಕಲಿಯುವವರು ಎದುರಿಗೆ ಇರಲೇಬೇಕಂತೆ. ಮಾಸ್ತರರು ಓಣಿಯ ಎಂಟು ಮಕ್ಕಳಿಗೆ ಮಿರ್ಚಿ ಬಜ್ಜಿಯ ಆಸೆ ತೋರಿಸಿ ಮನೆಗೆ ಕರೆದಿದ್ದರು. ಮಕ್ಕಳು ಐದಕ್ಕೇ ಬಂದರು, ಬಜ್ಜಿ ತಿಂದರು, ಐದೂಕಾಲಿಗೆ ಆಡಲು ಹೋದರು. ತಿರುಗಿ ಬರಲಿಲ್ಲ. (ಮೊದಲು ಪಾಠ, ಆಮೇಲೆ ಬಜ್ಜಿ ಎನ್ನುವ ಲೆಕ್ಕ ಗಣಿತದ ಮಾಸ್ತರರಿಗೆ ಹೊಳೆಯಲಿಲ್ಲ.)

“ಮುಗೀತು! ನಾ ದೇವದುರ್ಗಕ್ಕ ಹೋಗೂದು ಖರೇ ಆತು!” ಎಂದು ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಸಿದರು.

“ಯಾಕ ಹೋಗ್ತೀರಿ? ಪಡಸಾಲ್ಯಾಗ ಏಳು ಮಂದಿ ಕುಂತಾರ ನೋಡ್ರಿ,” ಎಂದಳು ಶೈಲಜಾ.

ಪಡಸಾಲೆಯಲ್ಲಿ ಕೂತವರು ಅವ್ವನ ಭಜನೆ ಮೇಳದವರು. ಪ್ರತಿ ಸೋಮವಾರ ಸಂಜೆ ತಾಳ, ದಮ್ಮಡಿ ಹಿಡಿದುಕೊಂಡು ಬಂದು ಸೇರುತ್ತಾರೆ. ಅವ್ವನೂ ಸೇರಿ ಏಳು ಮಂದಿ, ಎಲ್ಲರೂ ಅರವತ್ತು ದಾಟಿದವರು.

“ಅವರು ಮುದುಕ್ಯಾರು!”

“ಕಲಿಯೋರು ಇರಬೇಕು ಅಂತ ಬರದಾರ. ವಯಸ್ಸು ಇಷ್ಟ ಇರಬೇಕು ಅಂತ ಬರದಾರೇನು?”

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಒಳಗೆ ಓಡಿ ಅವ್ವನ ಮುಂದೆ ಕೈ ಮುಗಿದರು.

“ಯವ್ವಾ, ಹತ್ತು ನಿಮಿಷ. ನಾ ಹೇಳಿದ್ದು ನೀವೆಲ್ಲಾ ಹೇಳಿದ್ರ ಸಾಕು.”

“ಭಜನಿ ಇದ್ದಂಗ ಅನ್ನು.”

“ಹೂಂ, ಭಜನಿ ಇದ್ದಂಗ.”

ಈ ಒಂದು ಮಾತು ಅವರು ಆಡಬಾರದಿತ್ತು. ಮಹಾಂತಮ್ಮನ ಮೇಳಕ್ಕೆ ಕಟ್ಟುನಿಟ್ಟಾದ ಪದ್ಧತಿಯಿದೆ. ಮುಂದೆ ಹೇಳುವವರು ಏನಂದರೂ ಹಿಂದಿನವರು ಅದನ್ನು ಎರಡು ಸಲ ಅನ್ನಬೇಕು. ಮುಂದಿನವರು ತಡವರಿಸಿದರೆ ಇನ್ನೊಬ್ಬರು ಪದ ಎತ್ತಿಕೊಳ್ಳಬೇಕು. ಶುರುವಾದದ್ದು ಮಂಗಳಾರತಿಯ ತನಕ ನಿಲ್ಲುವಂತಿಲ್ಲ. ಮೂವತ್ತು ವರ್ಷದಲ್ಲಿ ಕರೆಂಟು ಹೋಗಿದೆ, ಮಾಳಿಗೆ ಸೋರಿದೆ, ಒಮ್ಮೆ ನಡುವೆ ಚೇಳೂ ಬಂದಿದೆ. ಪದ್ಧತಿ ಮಾತ್ರ ತಪ್ಪಿಲ್ಲ.

ಶೈಲಜಾ ಮೊಬೈಲನ್ನು ಅಕ್ಕಿ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ಪರದೆಯ ಮೇಲೆ ಹನುಮಂತ್ರಾಯ ಸಾಹೇಬರು ಮೂಡಿದರು. ನಗುವಿನ ಸುಳಿವೂ ಇಲ್ಲದ ಮುಖ. ಮಾಸ್ತರರು ಆರಂಭಿಸಿದರು:

“ಇನ್ ದ ಲೈಬ್ರರಿ, ಯು ಮಸ್ಟ್ ಬಿ ಸೈಲೆಂಟ್!”

ಏಳು ಕಂಠ, ಎರಡು ಸಲ, ತಾಳದ ಸಮೇತ. ಗೋಡೆಯ ಕ್ಯಾಲೆಂಡರು ಅಲುಗಿತು. ಲೈಬ್ರರಿಯಲ್ಲಿ ಸುಮ್ಮನಿರಬೇಕೆಂಬುದು ಇಡೀ ಓಣಿಗೆ ತಿಳಿಯಿತು. ಸಾಹೇಬರು ಏನೋ ಬರೆದುಕೊಂಡರು. ಒಳ್ಳೆಯದು ಬರೆದರೋ, ಕೆಟ್ಟದ್ದು ಬರೆದರೋ? ಅಷ್ಟರಲ್ಲಿ ಮೊಬೈಲು ಡಬ್ಬಿಯಿಂದ ಜಾರತೊಡಗಿತು.

“ಶೈಲಜಾ, ಫೋನು ಬೀಳಾಕತ್ತದ!”

“ಶೈಲಜಾ, ಫೋನು ಬೀಳಾಕತ್ತದ! ಶೈಲಜಾ, ಫೋನು ಬೀಳಾಕತ್ತದ!” ಎಂದಿತು ಮೇಳ.

“ಯವ್ವಾ, ಇದನ್ನ ಅನಬ್ಯಾಡ್ರಿ!”

ಅದನ್ನೂ ಎರಡು ಸಲ ಅಂದರು. ಮೇಳದ ಆದೆಮ್ಮ ಉಮೇದಿನಲ್ಲಿ ದಮ್ಮಡಿಗೆ ಒಂದು ಏಟು ಹೆಚ್ಚೇ ಹಾಕಿದಳು. ಮಾಸ್ತರರು ದಿಕ್ಕು ತೋಚದೆ ಮುಖ ಆಚೆ ತಿರುಗಿಸಿ, ತಮಗಷ್ಟೇ ಕೇಳುವ ಹಾಗೆ ಗೊಣಗಿದರು:

“ಈ ಸಾಹೇಬ ಯಾವಾಗ ಎದ್ದು ಹೋಗ್ತಾನೋ, ಶಿವನೇ!”

ಮೇಳದ ಕಿವಿಗೆ ಗೊಣಗಿದ್ದೂ ಬಿತ್ತು. ಅದರಲ್ಲಿ ಶಿವನ ಹೆಸರು ಬೇರೆ ಇತ್ತು, ಭಕ್ತಿ ಉಕ್ಕಿ ಬಂತು. ಏಳೂ ಜನ ಕಣ್ಣು ಮುಚ್ಚಿ, ರಾಗ ಎಳೆದು ಹಾಡಿದರು:

“ಈ ಸಾಹೇಬ ಯಾವಾಗ ಎದ್ದು ಹೋಗ್ತಾನೋ, ಶಿವನೇ! ಈ ಸಾಹೇಬ ಯಾವಾಗ ಎದ್ದು ಹೋಗ್ತಾನೋ, ಶಿವನೇ!”

ಸಾಹೇಬರ ಪೆನ್ನು ನಿಂತಿತು. ಮಾಸ್ತರರ ಬಾಯಿ ತೆರೆದದ್ದು ತೆರೆದೇ ಇತ್ತು, ಮಾತು ಹೊರಡಲಿಲ್ಲ. ಹದಿನೆಂಟು ವರ್ಷದ ನೌಕರಿಯಲ್ಲಿ ಗಳಿಸಿದ ಮರ್ಯಾದೆ ಅರ್ಧ ನಿಮಿಷದಲ್ಲಿ ತಾಳದ ಜೊತೆ ಹೋಗಿತ್ತು. ಅಳುವುದೊಂದು ಬಾಕಿ.

ಮುಂದೆ ಹೇಳುವವನು ತಡವರಿಸಿದ್ದನ್ನು ಕಂಡ ಮಹಾಂತಮ್ಮ, ಪದ್ಧತಿಯಂತೆ ತಾನೇ ಎತ್ತಿಕೊಂಡಳು. ಹದಿನೈದು ದಿನ ಕಿವಿಗೆ ಬಿದ್ದದ್ದು ದಂಡವಾಗಿರಲಿಲ್ಲ.

“ಇನ್ ದ ದೇವರ ಮನಿ, ಯು ಮಸ್ಟ್ ನಾಟ್ ಚಪ್ಪಲ್!”

ಮೇಳ ಎರಡು ಸಲ ಅಂದಿತು.

“ಆಫ್ಟರ್ ಲಿಂಗಪೂಜಿ, ಯು ಮೇ ನಾಷ್ಟಾ!”

ಆದೆಮ್ಮನಿಗೂ ತಡೆಯಲಾಗಲಿಲ್ಲ. “ಇನ್ ದ ಬಸ್, ಯು ಮಸ್ಟ್ ಸರಕೊಂಡು ಕೂಡ್ರು!”

ಮೂಲೆಯಿಂದ ದುರುಗಮ್ಮ ಕೂಗಿದಳು, “ಇನ್ ದ ಸಂತಿ, ಯು ಕ್ಯಾನ್ ಚೌಕಾಸಿ!”

ಫೋನು ಹಿಡಿದು ನಿಂತ ಶೈಲಜಾ ಇದೇ ಸಮಯವೆಂದು ತನ್ನದೂ ಒಂದು ಸೇರಿಸಿದಳು. “ಇನ್ ದ ಅಡಿಗಿ ಮನಿ, ಗಂಡಸರೂ ಕ್ಯಾನ್ ಕೆಲಸ!”

ಮೇಳ ಪದ್ಧತಿ ಮುರಿದು ಇದೊಂದನ್ನು ನಾಲ್ಕು ಸಲ ಹಾಡಿತು.

ಮಂಗಳಾರತಿ ಆಯಿತು. ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು.

“ಮಾಸ್ತರೇ, ಮುಂಜಾನಿಂದ ಹದಿನಾಕು ಪಾಠ ನೋಡೀನಿ. ಎಲ್ಲಾರೂ ಪುಸ್ತಕದಾಗಿಂದ ಗಿಣಿಪಾಠ ಒಪ್ಪಿಸಿದ್ರು. ಕಲಿಯೋರು ತಮ್ಮ ಮಾತು ತಾವೇ ಕಟ್ಟಿದ್ದು ನಿಮ್ಮ ಮನ್ಯಾಗ ಮಾತ್ರ ನೋಡಿದೆ. ತಪ್ಪು ಅವ, ಇರ್ಲಿ, ತಿದ್ದಬಹುದು. ನಿಮಗ ತರಬೇತಿ ಬ್ಯಾಡ.”

ಮಾಸ್ತರರು ಹದಿನೈದು ದಿನದಿಂದ ಹಿಡಿದಿದ್ದ ಉಸಿರನ್ನು ಬಿಟ್ಟರು. ಖುಷಿಗೆ ಅವ್ವನ ಕಾಲು ಮುಟ್ಟಲು ಬಗ್ಗಿದರು.

“ಆದ್ರ,” ಎಂದರು ಸಾಹೇಬರು, “ನಿಮ್ಮ ತಾಯಿಯವರು ದೇವದುರ್ಗಕ್ಕ ಬರಬೇಕು. ಕಲಿಯೋರ ಬಾಯಿ ಹೆಂಗ ಬಿಡಿಸಬೇಕು ಅಂತ ನಮ್ಮ ಮಾಸ್ತರಗಳಿಗೆ ತೋರಿಸಲಿ. ಹತ್ತೂ ದಿನ. ಬರ್ತೀರೇನವ್ವಾ?”

“ಬರ್ತೀನ್ರೀ ಸಾಹೇಬ್ರ,” ಎಂದಳು ಮಹಾಂತಮ್ಮ ಸೆರಗು ಸರಿಮಾಡಿಕೊಂಡು. “ಆದ್ರ ನಾ ಒಬ್ಬಾಕಿ ಎಲ್ಲೂ ಹೋದಾಕಿ ಅಲ್ಲ. ಮಗ ಸಂಗಟ ಬರ್ತಾನ.”

“ಬರ್ಲಿ, ಬರ್ಲಿ. ಆದ್ರ ಅಲ್ಲಿ ಇಂಗ್ಲಿಷೇ ಮಾತಾಡಬೇಕು. ನಿಮಗ ಮಾಫಿ, ಅವರಿಗಿಲ್ಲ.”

ಬಗ್ಗಿದ ಮಾಸ್ತರರು ಬಗ್ಗಿದಲ್ಲೇ ಉಳಿದರು. ಶೈಲಜಾ ಆಗಲೇ ಅಟ್ಟದಿಂದ ಚೀಲ ಇಳಿಸುತ್ತಿದ್ದಳು. ಮಹಾಂತಮ್ಮ ಮಗನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು:

“ಅಂಜಬ್ಯಾಡ ತಮ್ಮಾ. ಅಲ್ಲಿ ನನ್ನ ಹಿಂದ ಕುಂದ್ರು. ಹತ್ತು ದಿನದಾಗ ಕಲೀತಿ.”